ಎತ್ತುವ ಮೊದಲು ತೂಗಿ

ಶಿವಮೊಗ್ಗದಲ್ಲಿ ಹೊಸದಾಗಿ ಥಾರ್ ಅಥವಾ ಜಿಮ್ನಿ ಕೊಂಡವರಿಗೆ ನಂಬರ್ ಪ್ಲೇಟ್ ಬರುವ ಮೊದಲೇ ಸಲಹೆಯೊಂದು ಬಂದಿರುತ್ತದೆ. ಕಂಪನಿ ಸಸ್ಪೆನ್ಷನ್ ಬಿಚ್ಚಿಸಿ, ಕಾಯಿಲ್‌ಓವರ್ ಹಾಕಿಸಿ, ಎರಡಿಂಚು ಎತ್ತಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಆಕ್ಸೆಸರೀಸ್ ಅಂಗಡಿಯವರು ಹೇಳುವುದು ಇದನ್ನೇ, ಭಾನುವಾರ ಗುಡ್ಡಕ್ಕೆ ಹೋಗುವ ಗೆಳೆಯರ ಗುಂಪು ಹೇಳುವುದು ಇದನ್ನೇ. ಭದ್ರಾವತಿಯಲ್ಲೂ ಬೇರೆ ಮಾತಿಲ್ಲ. ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವಾಗ ಕೊಂಡವರು ಮರುಪ್ರಶ್ನೆ ಹಾಕುವುದಿಲ್ಲ. ಅಡಿಕೆ ಮಾರಿದ ದುಡ್ಡು ಕೈಯಲ್ಲಿದ್ದರೆ ಲಕ್ಷ ದಾಟಿದ ಬಿಲ್ಲೂ ಭಾರವೆನಿಸುವುದಿಲ್ಲ.

ಮಲೆನಾಡಿನ ದಾರಿಗೆ ಈ ಸಲಹೆ ತಲೆಕೆಳಗಾದದ್ದು ಎಂಬುದೇ ನನ್ನ ವಾದ. ಸಸ್ಪೆನ್ಷನ್ ಆರಿಸುವ ಕೆಲಸ ಗಾಡಿಯ ತೂಕದಿಂದ ಶುರುವಾಗಬೇಕು. ತೂಕ ಗೊತ್ತಿಲ್ಲದೆ, ಎತ್ತರವೊಂದನ್ನೇ ನೋಡಿ ಕೊಂಡ ಕಾಯಿಲ್‌ಓವರ್ ಯಾವ ದೇಶದ್ದೇ ಇರಲಿ, ನಮ್ಮ ಕೊರಕಲಿನಲ್ಲಿ ಗಾಡಿಯನ್ನು ಮೊದಲಿಗಿಂತ ಕೆಟ್ಟದಾಗಿ ನಿಲ್ಲಿಸುತ್ತದೆ.

ಕಾಯಿಲ್‌ಓವರ್ ಎಂದರೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಕಾಯಿಲ್ ಸ್ಪ್ರಿಂಗ್ ಕೂರಿಸಿದ ಜೋಡಿ, ಅಷ್ಟೆ. 2020ರ ಅಕ್ಟೋಬರಿನಲ್ಲಿ ಬಂದ ಥಾರ್‌ನ ಮುಂದಿನ ಎರಡು ಚಕ್ರಗಳಿಗೆ ಕಾರ್ಖಾನೆಯಿಂದಲೇ ಅದು ಬಂದಿದೆ. ಡಬಲ್ ವಿಷ್‌ಬೋನಿನ ನಡುವೆ ಬಗ್ಗಿ ನೋಡಿದರೆ ಕಣ್ಣಿಗೇ ಕಾಣುತ್ತದೆ. ಅಂಗಡಿಯವರು ಕಾಯಿಲ್‌ಓವರ್ ಎಂದು ಮಾರುವುದು ಅದರದೇ ಇನ್ನೊಂದು ರೂಪವನ್ನು: ಮೈಗೆ ಥ್ರೆಡ್ ಕೊರೆದು, ಕಾಲರ್ ತಿರುಗಿಸಿ ಎತ್ತರ ಬದಲಾಯಿಸುವಂಥದ್ದು, ಬೆಲೆ ಏರಿದಂತೆ ಪಕ್ಕದಲ್ಲಿ ಎಣ್ಣೆಯ ಪ್ರತ್ಯೇಕ ಡಬ್ಬಿ ಇರುವಂಥದ್ದು. 2023ರಲ್ಲಿ ಬಂದ ಜಿಮ್ನಿಯ ಕಥೆ ಬೇರೆ. ಅದಕ್ಕೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸೆಲ್, ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ. ಅದಕ್ಕೆ ನಿಜವಾದ ಕಾಯಿಲ್‌ಓವರ್ ಕೂರಿಸಬೇಕಾದರೆ ಚಾಸಿಗೆ ಹೊಸ ಮೌಂಟ್ ವೆಲ್ಡ್ ಮಾಡಬೇಕು. ಈ ಎರಡು ಗಾಡಿಗಳಿಗೂ ಒಂದೇ ಉಸಿರಿನಲ್ಲಿ ಒಂದೇ ಮದ್ದು ಬರೆಯುವವರು ಗಾಡಿಯ ಅಡಿಗೆ ಬಗ್ಗಿ ನೋಡಿಲ್ಲ ಎಂದೇ ಅರ್ಥ.

‘ಎತ್ತಿಸಿದರೆ ಕಲ್ಲು ತಾಗೋದಿಲ್ಲ’ ಎಂಬುದು ಈ ಪಂಥದ ಮೂಲಮಂತ್ರ. ಕಲ್ಲು ಮೊದಲು ತಾಗುವುದು ಎಲ್ಲಿಗೆ? ಗಟ್ಟಿ ಆಕ್ಸೆಲ್ಲಿನ ಗಾಡಿಯಲ್ಲಿ ಡಿಫರೆನ್ಷಿಯಲ್ಲಿನ ಗುಂಡಿಗೆ. ಆ ಗುಂಡು ಚಕ್ರಗಳ ಜೊತೆ ನೆಲಕ್ಕೆ ಕಟ್ಟುಬಿದ್ದದ್ದು. ಸ್ಪ್ರಿಂಗ್ ಎಷ್ಟೇ ಎತ್ತಿದರೂ ಬಾಡಿ ಮೇಲೆ ಹೋಗುತ್ತದೆ, ಗುಂಡು ಇದ್ದಲ್ಲೇ ಇರುತ್ತದೆ. ಥಾರ್‌ನ ಹಿಂದಿನ ಆಕ್ಸೆಲ್ಲಿಗೂ ಜಿಮ್ನಿಯ ಎರಡೂ ಆಕ್ಸೆಲ್ಲಿಗೂ ಈ ಮಾತು ಸಲ್ಲುತ್ತದೆ. ಅದನ್ನು ಮೇಲೆತ್ತುವ ದಾರಿ ಒಂದೇ, ದೊಡ್ಡ ಟಯರ್. ಎರಡಿಂಚು ಹೆಚ್ಚು ವ್ಯಾಸದ ಟಯರ್ ಹಾಕಿದರೆ ಗುಂಡು ಒಂದಿಂಚು ಏರುತ್ತದೆ. ಲಿಫ್ಟ್‌ನಿಂದ ಬಂಪರಿನ ಮೂತಿಗೂ ಹೊಟ್ಟೆಗೂ ಜಾಗ ಸಿಗುತ್ತದೆ ಎಂಬುದು ನಿಜ. ಆದರೆ ಥಾರ್‌ಗೆ ಕಂಪನಿಯೇ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಹೇಳುತ್ತದೆ, ಏರು ಹತ್ತುವ ಕೋನ 41 ಡಿಗ್ರಿಗಿಂತ ಹೆಚ್ಚು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟದ ದಾರಿಗಳಲ್ಲಿ ಆ ಕೋನ ಸಾಲದೆ ಗಾಡಿ ನಿಲ್ಲುವುದು ಅಪರೂಪ. ಅಲ್ಲಿ ಗಾಡಿ ನಿಲ್ಲುವುದು ಚಕ್ರ ಗಾಳಿಯಲ್ಲಿ ತಿರುಗುವುದರಿಂದ.

ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಲಿಫ್ಟ್ ಮಾರುವವರು ಮುಚ್ಚಿಡುವುದು ಇದನ್ನೇ. ಚಕ್ರಕ್ಕೆ ಎರಡು ಬಗೆಯ ಓಡಾಟ ಉಂಟು. ಕಲ್ಲಿನ ಮೇಲೆ ಏರಿದಾಗ ಮೇಲಕ್ಕೆ, ಹೊಂಡಕ್ಕೆ ಇಳಿದಾಗ ಕೆಳಕ್ಕೆ. ಒಟ್ಟು ಓಡಾಟ 200 ಮಿ.ಮೀ. ಎಂದಿಟ್ಟುಕೊಳ್ಳಿ, ಗಾಡಿ ಸುಮ್ಮನೆ ನಿಂತಾಗ ಮೇಲಕ್ಕೆ 100, ಕೆಳಕ್ಕೆ 100. ಶಾಕಿನ ಉದ್ದ ಹಾಗೆಯೇ ಇಟ್ಟು, ಕಾಲರ್ ತಿರುಗಿಸಿಯೋ ಸ್ಪೇಸರ್ ತುರುಕಿಯೋ ಗಾಡಿಯನ್ನು 50 ಮಿ.ಮೀ. ಎತ್ತಿದಿರಿ. ಈಗ ಮೇಲಕ್ಕೆ 150, ಕೆಳಕ್ಕೆ ಬರೀ 50. ಮಳೆಗಾಲ ಕಳೆದ ಮೇಲೆ ನಮ್ಮ ಗುಡ್ಡದ ದಾರಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ನೀರು ಕೊರೆದ ಕೊರಕಲು ದಾರಿಗೆ ಅಡ್ಡಡ್ಡ ಬಿದ್ದಿರುತ್ತದೆ, ಒಂದು ಮುಂಚಕ್ರ ಧರೆಯ ಕಡೆ ಏರಿದ್ದಾಗ ಇನ್ನೊಂದು ಕೊರಕಲಿಗೆ ಇಳಿಯಬೇಕು. ಇಳಿಯುವ ಓಡಾಟ ಅರ್ಧಕ್ಕೆ ಇಳಿದಿರುವ ಗಾಡಿಯ ಚಕ್ರ ನೆಲ ಮುಟ್ಟುವುದೇ ಇಲ್ಲ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎಂಜಿನ್ನಿನ ಶಕ್ತಿಯನ್ನು ಆ ತೂಗಾಡುವ ಚಕ್ರಕ್ಕೇ ಸುರಿಯುತ್ತದೆ. ಕಂಪನಿ ಸ್ಥಿತಿಯಲ್ಲಿ ನೆಲ ಕಚ್ಚಿಕೊಂಡು ಹತ್ತುತ್ತಿದ್ದ ಗಾಡಿ ಅದೇ ಜಾಗದಲ್ಲಿ ಕಲ್ಲು ಹಾರಿಸುತ್ತ ನಿಲ್ಲುತ್ತದೆ. ಆಗ ಅದೇ ಸಲಹೆಗಾರರು ಇನ್ನೂ ಒಂದಿಂಚು ಎತ್ತಿಸಲು ಹೇಳುತ್ತಾರೆ!

ಉದ್ದದ ಶಾಕ್ ಇರುವ ಒಳ್ಳೆಯ ಕಾಯಿಲ್‌ಓವರಿನಲ್ಲಿ ಕೆಳಗಿನ ಓಡಾಟ ಮರಳಿ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಶಾಕಿನ ಮಟ್ಟಿಗೆ ಹೌದು. ಆದರೆ ಥಾರ್‌ನ ಮುಂದಿನ ಸಸ್ಪೆನ್ಷನ್ನಿನಲ್ಲಿ ಚಕ್ರ ಎಷ್ಟು ಕೆಳಗಿಳಿಯಬಹುದೆಂದು ತೀರ್ಮಾನಿಸುವುದು ಶಾಕ್ ಒಂದೇ ಅಲ್ಲ. ಮೇಲಿನ ಆರ್ಮ್‌ನ ಬಾಲ್ ಜಾಯಿಂಟೂ ಆಕ್ಸೆಲ್ ಶಾಫ್ಟಿನ ಸಿವಿ ಜಾಯಿಂಟೂ ಸೇರಿ. ಅವು ಒಂದು ಕೋನದ ಆಚೆ ಬಾಗುವುದಿಲ್ಲ. ಬಾಗಿಸಿದರೆ ಮೊದಲು ಸಿವಿ ಜಾಯಿಂಟಿನ ರಬ್ಬರ್ ಬೂಟ್ ಹರಿಯುತ್ತದೆ, ಒಳಗೆ ಕೆಸರು ಸೇರುತ್ತದೆ, ತಿರುವಿನಲ್ಲಿ ಕಟಕಟ ಸದ್ದು ಶುರುವಾಗುತ್ತದೆ. ಲಿಫ್ಟ್ ಮಾಡಿದ ಗಾಡಿಯ ಕ್ಯಾಸ್ಟರ್ ಕೋನವೂ ಕಡಿಮೆಯಾಗುತ್ತದೆ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಹೋಗುತ್ತದೆ. ಅದನ್ನು ಸರಿಪಡಿಸಲು ಮೇಲಿನ ಆರ್ಮ್ ಬದಲಾಯಿಸಬೇಕು. ಜಿಮ್ನಿಯಲ್ಲಾದರೆ ಎತ್ತಿದಷ್ಟೂ ಪ್ಯಾನ್‌ಹಾರ್ಡ್ ರಾಡ್ ಆಕ್ಸೆಲ್ಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಅದಕ್ಕೆ ಉದ್ದ ಹೊಂದಿಸುವ ರಾಡ್ ಬೇಕು. ಇವು ಯಾವುವೂ ಮೊದಲ ಬಿಲ್ಲಿನಲ್ಲಿ ಇರುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ನೇರ ಓಡದ ಗಾಡಿಗೆ ಅಲೈನ್‌ಮೆಂಟ್ ಮೇಲೆ ಅಲೈನ್‌ಮೆಂಟ್ ಮಾಡಿಸುತ್ತ ಅಲೆಯುವವರನ್ನು ಕೇಳಿ ನೋಡಿ.

ಈಗ ಕೊಡಚಾದ್ರಿಗೆ ಬನ್ನಿ. 1,343 ಮೀಟರ್ ಎತ್ತರದ ಬೆಟ್ಟ, ನಮ್ಮದೇ ಹೊಸನಗರ ತಾಲ್ಲೂಕು. ಮೂಲ ಮೂಕಾಂಬಿಕೆ ಗುಡಿಯ ತನಕ ಪ್ರವಾಸಿಗರನ್ನು ಹತ್ತಿಸುವುದು ಬಾಡಿಗೆ ಜೀಪುಗಳು, ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡಿಗೆ. ಆ ದಾರಿ ಹೇಗಿದೆಯೆಂದು ಹೋದವರ ಬೆನ್ನುಮೂಳೆಗೆ ಗೊತ್ತು. ಆ ಜೀಪುಗಳ ಅಡಿಯಲ್ಲಿ ಏನಿದೆ? ಬ್ಲೇಡ್ ಸೆಟ್, ಹಳೆಯ ಕಾಲದ ಲೀಫ್ ಸ್ಪ್ರಿಂಗ್. ಒಮ್ಮೆ ನಿಂತ ಜೀಪಿನ ಹಿಂದೆ ಕೂತು ನೋಡಿ: ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳು, ನಡುವೆ ಯೂ ಬೋಲ್ಟ್, ಅಲ್ಲಲ್ಲಿ ಒಂದು ಪಟ್ಟಿ ಮಾತ್ರ ಹೊಸತು, ಅದರ ಅಂಚಿನ ಕಪ್ಪು ಬಣ್ಣ ಇನ್ನೂ ಅಳಿದಿಲ್ಲ. ಶ್ಯಾಕಲ್ಲಿನ ಬುಷ್ಷಿಗೆ ಗ್ರೀಸು ಮೆತ್ತಿದೆ. ಏಳೆಂಟು ಜನ ಕೂತಾಗ ಆ ಸ್ಪ್ರಿಂಗ್ ಸರಿಯಾದ ಮಟ್ಟಕ್ಕೆ ಕೂರುತ್ತದೆ, ಏಕೆಂದರೆ ಓನರ್ ಎಷ್ಟು ಜನ ಹತ್ತುತ್ತಾರೆಂದು ತಿಳಿದೇ ಬ್ಲೇಡ್ ಹಾಕಿಸಿದ್ದಾನೆ. ಖಾಲಿ ಜೀಪು ಕುಕ್ಕುತ್ತದೆ, ತುಂಬಿದ ಜೀಪು ನೆಲ ಹಿಡಿಯುತ್ತದೆ. ಬ್ಲೇಡ್ ಕಟ್ಟಾದರೆ ನಿಟ್ಟೂರಿನಲ್ಲೋ ಹೊಸನಗರದಲ್ಲೋ ಅದೇ ದಿನ ಹೊಸದು ಹಾಕಿಸಿ ಮರುದಿನ ಬಾಡಿಗೆಗೆ ಬರುತ್ತಾನೆ.

ಲೀಫ್ ಸ್ಪ್ರಿಂಗೇ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ಕಾಯಿಲ್ ಸ್ಪ್ರಿಂಗಿನ ಗಾಡಿ ಮೆತ್ತಗೆ ಓಡುತ್ತದೆ, ಚಕ್ರದ ಓಡಾಟವೂ ಹೆಚ್ಚು. ಆದರೆ ಆ ಬೆಟ್ಟವನ್ನು ದುಡಿಮೆಗಾಗಿ ಹತ್ತುವವರು ತೂಕಕ್ಕೆ ತಕ್ಕ ಸ್ಪ್ರಿಂಗು, ಸಿಕ್ಕುವ ಬಿಡಿಭಾಗ, ನಿಧಾನದ ಚಾಲನೆ ಈ ಮೂರನ್ನು ನಂಬಿದ್ದಾರೆ. ಹಬ್ಬಕ್ಕೊಮ್ಮೆ ಹತ್ತುವವರು ಲಕ್ಷದ ಕಾಯಿಲ್‌ಓವರ್ ಇಲ್ಲದೆ ಆಗುವುದೇ ಇಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ತೂಕಕ್ಕೆ ತಕ್ಕ ಸ್ಪ್ರಿಂಗ್ ಎಂದರೇನು ಎಂಬುದನ್ನು ಭದ್ರಾವತಿಯವರಿಗೆ ಹೇಳಿಕೊಡಬೇಕಾಗಿ ಬಂದಿರುವುದು ನನಗೆ ನೋವಿನ ಸಂಗತಿ. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್ಎಲ್‌ನಲ್ಲಿ ಮಿಶ್ರಲೋಹದ ಉಕ್ಕು ತಯಾರಿಸಿ ನಿವೃತ್ತರಾದವರು ಬೀದಿಬೀದಿಯಲ್ಲಿದ್ದಾರೆ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಗಾಡಿಯ ಭಾಗ ಎರಕ ಹೊಯ್ಯುವವರಿದ್ದಾರೆ. ಅವರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಸ್ಪ್ರಿಂಗಿನ ಬಿಗಿಯನ್ನು ನಿರ್ಧರಿಸುವುದು ಬ್ರ್ಯಾಂಡೂ ಅಲ್ಲ, ಬಣ್ಣವೂ ಅಲ್ಲ, ಉಕ್ಕಿನ ದರ್ಜೆಯೂ ಅಲ್ಲ. ಸರಳಿನ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆ, ಈ ಮೂರು. ಒಳ್ಳೆಯ ಉಕ್ಕಿನಿಂದ ಬಾಳಿಕೆ ಬರುತ್ತದೆ, ಸ್ಪ್ರಿಂಗ್ ಬೇಗ ಕುಸಿಯುವುದಿಲ್ಲ. ಬಿಗಿ ಮಾತ್ರ ಸರಳಿನ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 13 ಮಿ.ಮೀ. ಸರಳಿನ ಬದಲು 14 ಮಿ.ಮೀ. ಬಂದರೆ, ಉಳಿದದ್ದು ಹಾಗೆಯೇ ಇದ್ದರೂ, ಸ್ಪ್ರಿಂಗ್ ಶೇ 34ರಷ್ಟು ಗಟ್ಟಿ. ಕಣ್ಣಿಗೆ ಕಾಣದ ಒಂದು ಮಿಲಿಮೀಟರಿನಿಂದ ಗಾಡಿಯ ಸ್ವಭಾವವೇ ಬದಲಾಗುವಾಗ, ಡಬ್ಬಿಯ ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದದ್ದನ್ನು ನಂಬಿ ಕೊಳ್ಳುವುದು ಹೇಗೆ?

ಇನ್ನೂ ಒಂದು ಲೆಕ್ಕವುಂಟು. ಥಾರ್‌ನಂಥ ಗಾಡಿಯಲ್ಲಿ ಮುಂದಿನ ಸ್ಪ್ರಿಂಗ್ ಚಕ್ರದ ನೇರಕ್ಕೆ ಕೂತಿಲ್ಲ, ಕೆಳಗಿನ ಆರ್ಮ್‌ನ ನಡುವೆ ಕೂತಿದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 6 ಮಿ.ಮೀ. ಒತ್ತುತ್ತದೆ ಎಂದಾದರೆ, ಚಕ್ರಕ್ಕೆ ಸಿಗುವ ಬಿಗಿ ಸ್ಪ್ರಿಂಗಿನ ಬಿಗಿಯ ಶೇ 36 ಮಾತ್ರ. ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ 100 ನ್ಯೂಟನ್ ಇದ್ದರೆ ಚಕ್ರದ ಹತ್ತಿರ ಅದು 36. ಕಬ್ಬಿಣದ ಬಂಪರ್, ವಿಂಚ್ ಸೇರಿ ಮುಂದಿನ ಆಕ್ಸೆಲ್ಲಿನ ಮೇಲೆ 100 ಕೆ.ಜಿ. ಏರಿಸಿದಿರಿ ಎನ್ನಿ, ಚಕ್ರಕ್ಕೆ 50 ಕೆ.ಜಿ., ಗಾಡಿಯ ಮೂತಿ 14 ಮಿ.ಮೀ. ಹತ್ತಿರ ಇಳಿಯುತ್ತದೆ. ಅಷ್ಟಕ್ಕೆ ಎಷ್ಟು ಗಟ್ಟಿ ಸ್ಪ್ರಿಂಗ್ ಬೇಕೆಂದು ಈ ಲೆಕ್ಕವೇ ಹೇಳುತ್ತದೆ. ಬಂಪರೂ ಇಲ್ಲ, ವಿಂಚೂ ಇಲ್ಲ, ಇಬ್ಬರೇ ಓಡಾಡುವ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿಸಿದರೆ ಚಕ್ರ ನೆಲದ ಏರಿಳಿತವನ್ನು ಹಿಂಬಾಲಿಸುವ ಬದಲು ಅದರ ಮೇಲೆ ಕುಪ್ಪಳಿಸುತ್ತದೆ.

ಕಾಲರ್ ತಿರುಗಿಸಿ ಸ್ಪ್ರಿಂಗನ್ನು ಗಟ್ಟಿ ಮಾಡಬಹುದು ಎಂಬ ನಂಬಿಕೆಯೂ ಎಲ್ಲೆಡೆ ಹಬ್ಬಿದೆ. ಸುಳ್ಳು. ಒಂದೇ ಬಿಗಿಯ ಸ್ಪ್ರಿಂಗಿನ ಕಾಲರನ್ನು ಎಷ್ಟು ತಿರುಗಿಸಿದರೂ ಬಿಗಿ ಬದಲಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ, ಕೆಳಗಿನ ಓಡಾಟ ಕಡಿಮೆಯಾಗುತ್ತದೆ. ಹೊಂಡಕ್ಕಿಳಿದಾಗಲೆಲ್ಲ ಶಾಕ್ ತುದಿಗೆ ತಾಗಿ ಟಕ್ಕೆನ್ನುವ ಸದ್ದು ಅದರ ಫಲ. ಸ್ಪ್ರಿಂಗನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸುವವರೂ ಇದ್ದಾರೆ. ಹದ ಹೋದ ಉಕ್ಕು ಎಂದು ಮುರಿಯುತ್ತದೋ ಹೇಳಲಾಗದು. ಅದು ಅಪಾಯ, ಮಾಡಲೇಬಾರದು.

ದುಬಾರಿ ಕಾಯಿಲ್‌ಓವರಿನ ಪರ ಇರುವ ಗಟ್ಟಿಯಾದ ವಾದ ಒಂದಿದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಶಾಕಿನೊಳಗಿನ ಎಣ್ಣೆ ಬಿಸಿಯಾದರೆ ತೆಳುವಾಗುತ್ತದೆ, ನೊರೆ ಏಳುತ್ತದೆ, ಶಾಕ್ ಕೆಲಸ ಮಾಡುವುದನ್ನು ಬಿಡುತ್ತದೆ. ಪ್ರತ್ಯೇಕ ಡಬ್ಬಿಯಲ್ಲಿ ಹೆಚ್ಚು ಎಣ್ಣೆ, ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇದ್ದರೆ ಹಾಗಾಗುವುದಿಲ್ಲ. ಪೂರ್ತಿ ನಿಜ. ಮೆಕ್ಸಿಕೊದ ಬಾಹಾ ರೇಸಿನಂಥ ಮರಳುಗಾಡಿನ ಓಟದಲ್ಲಿ ನೂರರ ವೇಗದಲ್ಲಿ ಗಂಟೆಗಟ್ಟಲೆ ದಿಬ್ಬಗಳ ಮೇಲೆ ಹಾರುವ ಗಾಡಿಗೆ ಅದು ಬೇಕೇ ಬೇಕು. ಕೊಡಚಾದ್ರಿಯ ಏರಿನಲ್ಲಿ ಗಾಡಿ ಓಡುವುದು ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ, ಲೋ ಗೇರಿನಲ್ಲಿ, ಸುರಿವ ಮಳೆಯಲ್ಲಿ. ಅಲ್ಲಿ ಎಣ್ಣೆ ಕುದಿಯುವುದಿಲ್ಲ. ಮರಳುಗಾಡಿನ ಕಾಯಿಲೆಗೆ ಕಂಡುಹಿಡಿದ ಔಷಧಿಯನ್ನು ಮಲೆನಾಡಿನಲ್ಲಿ ಕುಡಿಸುತ್ತಿದ್ದೇವೆ.

ಮಲೆನಾಡಿನ ಕಾಯಿಲೆ ಕೆಸರು. ಭದ್ರಾವತಿಯ ಗ್ಯಾರೇಜೊಂದರ ಬೆಂಚಿನ ಮೇಲೆ ಬಿಚ್ಚಿಟ್ಟ ಕಾಯಿಲ್‌ಓವರೊಂದನ್ನು ಹತ್ತಿರದಿಂದ ನೋಡಿದ್ದೇನೆ. ಥ್ರೆಡ್ಡಿನ ಸಾಲುಸಾಲಿನಲ್ಲಿ ಕೆಂಪು ಮಣ್ಣು ಕೂತು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಸ್ಪ್ಯಾನರ್ ಹಾಕಿ ಇಬ್ಬರು ಜಗ್ಗಿದರೂ ಕಾಲರ್ ಕದಲಲಿಲ್ಲ, ಅಲ್ಯೂಮಿನಿಯಮ್ಮಿನ ಹಲ್ಲು ತಿಂದುಹೋಯಿತು. ಶಾಕಿನ ಹೊಳೆಯುವ ರಾಡಿನ ಮೇಲೆ ಉದ್ದುದ್ದ ಗೀರು, ಸೀಲಿನ ಸುತ್ತ ಎಣ್ಣೆಯ ಜಿಡ್ಡು, ಎರಡು ತುದಿಯ ಲೋಹದ ಬೇರಿಂಗಿನಲ್ಲಿ ಬೆರಳಿಗೆ ಸಿಗುವಷ್ಟು ಆಟ. ಕಂಪನಿ ಶಾಕಿನಲ್ಲಿ ಆ ಜಾಗದಲ್ಲಿ ರಬ್ಬರ್ ಬುಷ್ ಇರುತ್ತದೆ. ಮಣ್ಣು ನೀರಿಗೆ ಅದು ಹೆಚ್ಚು ತಾಳುತ್ತದೆ, ಸವೆದರೆ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಈ ದುಬಾರಿ ಜೋಡಿಗೆ ಹೊಸ ಸೀಲ್ ಕಿಟ್ ಬೇಕು, ಸರಿಯಾದ ಎಣ್ಣೆ ಬೇಕು, ಅಳತೆಯ ಒತ್ತಡಕ್ಕೆ ನೈಟ್ರೋಜನ್ ತುಂಬುವ ಸಲಕರಣೆ ಬೇಕು. ಬಂಕಿನಲ್ಲಿ ಟಯರಿಗೆ ಹಿಡಿಯುವ ನೈಟ್ರೋಜನ್ನಿನಿಂದ ಇದು ಆಗುವ ಕೆಲಸವಲ್ಲ. ಬಿಚ್ಚಿ, ಪ್ಯಾಕ್ ಮಾಡಿ, ದೂರದ ಊರಿಗೆ ಕಳಿಸಿ, ಗಾಡಿಯನ್ನು ಜಾಕಿನ ಮೇಲೆ ನಿಲ್ಲಿಸಿ ಕಾಯಬೇಕು. ಕೊಳ್ಳುವ ಹೊತ್ತಿಗೆ ಈ ಮಾತು ಯಾರೂ ಎತ್ತುವುದಿಲ್ಲ.

ಹಾಗಾದರೆ ಕಂಪನಿಯ ಸಸ್ಪೆನ್ಷನ್ ಚೆನ್ನಾಗಿದೆಯೇ ಎಂದರೆ, ಮೂರು ಬಾಗಿಲಿನ ಥಾರ್ ಕುಲುಕುತ್ತದೆ, ತಿರುವಿನಲ್ಲಿ ವಾಲುತ್ತದೆ. ಆ ದೂರು ನ್ಯಾಯವಾದದ್ದೇ. ಆದರೆ ಆ ದೂರಿಗೆ ಮಹೀಂದ್ರಾ ಕಂಪನಿಯೇ ಕೊಟ್ಟ ಉತ್ತರ ನೋಡಿ. 2024ರ ಆಗಸ್ಟಿನಲ್ಲಿ ಬಂದ ಥಾರ್ ರಾಕ್ಸ್‌ಗೆ ಕಂಪನದ ಬಗೆ ನೋಡಿ ಬಿಗಿ ಬದಲಾಯಿಸುವ ಶಾಕ್ ಕೊಟ್ಟರು, ಹಿಂದಿನ ಆಕ್ಸೆಲ್ ಪಕ್ಕಕ್ಕೆ ಸರಿಯದಂತೆ ವಾಟ್ಸ್ ಲಿಂಕೇಜ್ ಕೊಟ್ಟರು. ಕುಲುಕಾಟಕ್ಕೆ ಮದ್ದು ಶಾಕಿನ ಹದದಲ್ಲಿದೆ. ಎತ್ತರದಲ್ಲಿ ಹುಡುಕಿದರೆ ಸಿಗುವುದು ಇನ್ನಷ್ಟು ವಾಲಾಟ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಂಜು ಕವಿದಾಗ ಗಾಡಿಯ ಭಾರ ಎರಡಿಂಚು ಮೇಲಿರುವುದು ಯಾರಿಗೂ ಒಳ್ಳೆಯದಲ್ಲ. ಮನೆಯ ಅಜ್ಜಿ ಆ ಗಾಡಿ ಹತ್ತಲಾಗದೆ ಮದುವೆ ಮನೆಗೆ ಬಸ್ಸಿನಲ್ಲಿ ಹೋಗುವಂತಾದರೆ ಅದೂ ಲೆಕ್ಕಕ್ಕೆ ಬರಬೇಕಾದ ಮಾತೇ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ‘ಯಾರೂ ಹಿಡಿಯಲ್ಲ ಸಾರ್’ ಎನ್ನುವ ಅಂಗಡಿಯವರು ಅಪಘಾತವಾದ ದಿನ ವಿಮಾ ಕಂಪನಿಯ ಸರ್ವೇಯರ್ ಮುಂದೆ ನಿಮ್ಮ ಜೊತೆ ನಿಲ್ಲುವುದಿಲ್ಲ.

ಅದೇ ದುಡ್ಡಿನಲ್ಲಿ ಏನೇನಾಗುತ್ತದೆ ನೋಡಿ. ಕೆಸರು ಹಿಡಿಯುವ, ಪಕ್ಕದ ಗೋಡೆ ಗಟ್ಟಿಯಿರುವ ಟಯರ್ ಮೊದಲು. ಗುಡ್ಡದ ಬುಡದಲ್ಲಿ ಗಾಳಿಯನ್ನು 18–20 ಪಿಎಸ್ಐಗೆ ಇಳಿಸಿದರೆ ಟಯರ್ ಕಲ್ಲಿಗೆ ಒಗ್ಗಿ ಅಗಲವಾಗಿ ಕೂರುತ್ತದೆ. ಹಿಡಿತವೂ ಮೆದುತನವೂ ಪುಕ್ಕಟೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಲು ಒಂದು ಚಿಕ್ಕ ಕಂಪ್ರೆಸರ್ ಇಟ್ಟುಕೊಳ್ಳಿ. ಭದ್ರಾ ಚಾನಲ್ ಏರಿಯ ಪಕ್ಕದ ಗದ್ದೆ ದಾರಿಯ ಜಿಗಟು ಮಣ್ಣಿನಲ್ಲಂತೂ ಕೆಲಸಕ್ಕೆ ಬರುವುದು ಟಯರಿನ ಬಟನ್ನು, ಸಸ್ಪೆನ್ಷನ್ ಅಲ್ಲ. ಕೊರಕಲು ಹೆಚ್ಚಿರುವ ದಾರಿಗೆ ಹೋಗುವವರು ಆ್ಯಂಟಿ ರೋಲ್ ಬಾರಿನ ಲಿಂಕ್ ಬಿಚ್ಚಿಟ್ಟು ನೋಡಲಿ, ಚಕ್ರಗಳ ಓಡಾಟ ಆಗಿಂದಾಗಲೇ ಹೆಚ್ಚುತ್ತದೆ. ರಸ್ತೆಗಿಳಿಯುವ ಮೊದಲು ಮರೆಯದೆ ಜೋಡಿಸಬೇಕು, ಅಷ್ಟೆ. ಸವೆದ ಬುಷ್ಷು, ಸೋರುವ ಶಾಕ್ ಬದಲಾಯಿಸಿ. ಇಷ್ಟಾದ ಮೇಲೂ ಕಂಪನಿ ಶಾಕ್ ಸಾಲದೆನಿಸಿದರೆ ಕಂಪನಿ ಎತ್ತರದಲ್ಲೇ ಕೂರುವ, ಗ್ಯಾಸ್ ತುಂಬಿದ ಒಳ್ಳೆಯ ಶಾಕ್‌ಗಳು ಇವೆ.

ಕಾಯಿಲ್‌ಓವರ್ ನಿಜವಾಗಿ ಬೇಕಾದವರೂ ಇದ್ದಾರೆ. ಸ್ಪರ್ಧೆಗೆ ಇಳಿಯುವವರು, ಬಂಪರ್, ವಿಂಚ್, ಛಾವಣಿಯ ಟೆಂಟ್ ಎಲ್ಲ ಹೊರಿಸಿ ಲಡಾಖ್ ತನಕ ಓಡಿಸುವವರು. ಅವರಿಗೆ ನನ್ನ ತಕರಾರಿಲ್ಲ. ಅವರು ಮಾಡಬೇಕಾದ ಮೊದಲ ಕೆಲಸವನ್ನು ಅಡಿಕೆ, ಭತ್ತ ಮಾರುವ ಪ್ರತಿಯೊಬ್ಬ ರೈತನೂ ಬಲ್ಲ. ಗಾಡಿಗೆ ಹಾಕುವುದನ್ನೆಲ್ಲ ಹಾಕಿ, ಡೀಸೆಲ್ ತುಂಬಿಸಿ, ಜನ ಕೂತು, ವೇ ಬ್ರಿಡ್ಜಿಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು ಚೀಟಿ. ಆ ಎರಡು ಚೀಟಿ ಹಿಡಿದು ಅಂಗಡಿಗೆ ಹೋಗಿ ಕೇಳಿ: ಈ ತೂಕಕ್ಕೆ ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ ಎಷ್ಟು ನ್ಯೂಟನ್? ಶಾಕ್ ಪೂರ್ತಿ ಚಾಚಿದಾಗ ಎಷ್ಟು ಉದ್ದ, ಪೂರ್ತಿ ಒತ್ತಿದಾಗ ಎಷ್ಟು? ಬಂಪ್ ಸ್ಟಾಪ್ ಎಲ್ಲಿ ತಾಗುತ್ತದೆ? ಸೀಲ್ ಕಿಟ್ ನಿಮ್ಮಲ್ಲಿ ಇದೆಯೇ, ಬಿಚ್ಚಿ ಕಟ್ಟುವವರು ಯಾರು? ಉತ್ತರಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರಲ್ಲಿ ಒಂದು ಬೋಲ್ಟನ್ನೂ ಕೊಳ್ಳಬೇಡಿ.